ಅಲ್ಮೀಡಾ ಕಲಿಸಿದ ಸಹಿ

ಚರ್ಚಿನ ಬಾಗಿಲಲ್ಲಿಟ್ಟಿದ್ದ ಪುಸ್ತಕದ ಮೇಲೆ ಬಗ್ಗಿದ ಹೋಸಿಯಾ ಟಿಲ್ಮನ್ ಸದ್ಯಕ್ಕೆ ಏಳುವ ಲಕ್ಷಣವೇ ಕಾಣಲಿಲ್ಲ. ಕೊನೆಯ ದರ್ಶನಕ್ಕೆ ಬಂದವರೆಲ್ಲ ಅದರಲ್ಲಿ ಹೆಸರು ಬರೆದೇ ಒಳಗೆ ಹೋಗಬೇಕು. ಅವನ ಹಿಂದೆ ಮೆಟ್ಟಿಲಿನ ಕೆಳಗಿನ ತನಕ ಸಾಲು ಬೆಳೆದಿತ್ತು. ನವೆಂಬರ್ ಬಂದರೂ ಜಾರ್ಜಿಯಾದ ಬಿಸಿಲು ಕಪ್ಪು ಕೋಟುಗಳನ್ನು ಕಾಯಿಸುತ್ತಿತ್ತು.

"ಹೆಸರು ಬರೀತಿದ್ದೀಯೋ, ಆಸ್ತಿ ಬರೀತಿದ್ದೀಯೋ?" ಸಾಲಿನಿಂದ ಓಲಾ ಕೂಗಿದಳು. ತೀರಿಕೊಂಡ ಅಲ್ಮೀಡಾ ಪ್ರುಯಿಟ್‌ಗೆ ಅವಳು ನಾದಿನಿ. ಎಂಬತ್ತು ದಾಟಿದ್ದರೂ ಅವಳ ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

"ನಿಮ್ಮತ್ತಿಗೆ ಕಲಿಸಿದ್ದು ತಾಯೀ ಇದು. ಅವಸರದಲ್ಲಿ ಬಾಲ ಬಿಟ್ಟುಬಿಟ್ರೆ ಪೆಟ್ಟಿಗೆಯಿಂದ ಎದ್ದು ಬಂದು ಬೈತಾಳೆ."

ಹೋಸಿಯಾ ಕೊನೆಯ ಅಕ್ಷರದ ತುದಿಯನ್ನು ಬಾಗಿಸಿ, ಇಡೀ ಹೆಸರಿನ ಅಡಿಯಲ್ಲಿ ಹಿಂದಕ್ಕೆ ಎಳೆದು, ಮೊದಲಕ್ಷರದ ಕೆಳಗೆ ತಂದು ನಿಲ್ಲಿಸಿದ. ಆಮೇಲೆ ಪೆನ್ನು ಬಿಟ್ಟ.

ಪುಸ್ತಕದ ಪಕ್ಕ ನಿಂತಿದ್ದ ವರ್ನೀಸ್‌ಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಅಲ್ಮೀಡಾಳ ಒಬ್ಬಳೇ ಮಗಳು ಅವಳು. ಅರವತ್ತರ ಹತ್ತಿರದವಳು, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಅವಳ ಕಂಕುಳಲ್ಲಿದ್ದ ಕೈಚೀಲದೊಳಗೆ ಚುನಾವಣಾ ಕಚೇರಿಯಿಂದ ಅಮ್ಮನ ಹೆಸರಿಗೆ ಬಂದ ಕಾಗದವಿತ್ತು. 'ಅಂಚೆಯಲ್ಲಿ ಬಂದ ನಿಮ್ಮ ಮತದ ಲಕೋಟೆಯ ಸಹಿ ನಮ್ಮಲ್ಲಿರುವ ಸಹಿಗೆ ಹೊಂದುತ್ತಿಲ್ಲ. ಇದರ ಜೊತೆಗಿರುವ ನಮೂನೆಗೆ ಸಹಿ ಮಾಡಿ ಶುಕ್ರವಾರ ಸಂಜೆ ಐದರೊಳಗೆ ತಲುಪಿಸದಿದ್ದರೆ ಮತ ಎಣಿಕೆಗೆ ಬರುವುದಿಲ್ಲ.' ಕಾಗದ ಬಂದದ್ದು ಬುಧವಾರ. ಮಂಗಳವಾರ ರಾತ್ರಿ, ಟೀವಿಯಲ್ಲಿ ಮತ ಎಣಿಸುತ್ತಿರುವಾಗಲೇ, ಅಮ್ಮ ಹೋಗಿಬಿಟ್ಟಿದ್ದಳು. ಶನಿವಾರ ಚರ್ಚಿನಲ್ಲಿ ಯಾರದೋ ಮದುವೆ ಇದ್ದುದರಿಂದ ಪಾದ್ರಿಗಳು ಶುಕ್ರವಾರವೇ ಮಣ್ಣು ಮಾಡೋಣ ಎಂದಿದ್ದರು. ಇವತ್ತೇ ಶುಕ್ರವಾರ.

* * *

ಅರವತ್ತು ವರ್ಷದ ಹಿಂದೆ, ಅಲ್ಮೀಡಾಗೆ ಮೂವತ್ತೊಂದಾಗಿದ್ದಾಗ, ಅವಳು ಊರಿನ ಲಾಂಡ್ರಿಯಲ್ಲಿ ಬಿಳಿಯರ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮಡಿಸಿದ ಅಂಗಿಯೊಳಗೆ ಇಡುವ ರಟ್ಟುಗಳಲ್ಲಿ ಮುದುರಿದ್ದನ್ನು ಮಾಲೀಕ ಎಸೆಯುತ್ತಿದ್ದ, ಅವಳು ಎತ್ತಿಟ್ಟುಕೊಳ್ಳುತ್ತಿದ್ದಳು. ಗುರುವಾರ ಸಂಜೆ ಅಂಗಡಿ ಮುಚ್ಚಿದ ಮೇಲೆ ಹಿಂದಿನ ಕೋಣೆಗೆ, ಅವಳನ್ನು 'ಸಿಸ್ಟರ್' ಎಂದು ಕರೆಯುವ ಚರ್ಚಿನ ಜನ ಸಹಿ ಕಲಿಯಲು ಬರುತ್ತಿದ್ದರು. ಒಬ್ಬೊಬ್ಬರ ಹೆಸರನ್ನೂ ಒಂದೊಂದು ರಟ್ಟಿನ ಮೇಲೆ ಬರೆದು ಕೊಡುವಳು. ಮೊದಲು ಬೆರಳಿನಿಂದ ತೀಡಬೇಕು, ಆಮೇಲೆ ಪೆನ್ಸಿಲು.

ಮರದ ದಿಮ್ಮಿ ಹೊರುತ್ತಿದ್ದ ಹೋಸಿಯಾಗೆ ಆಗ ಇಪ್ಪತ್ತೈದು. ಹೆಸರು ಬರೆಯಲು ಬಾರದೆ ಸಹಿಯ ಜಾಗದಲ್ಲಿ ಒಂದು ಕತ್ತರಿ ಗುರುತು ಹಾಕುವವನು.

"ಈ ಬಾಲ ಯಾಕೆ ಸಿಸ್ಟರ್? ಹೆಸರು ಬರೆಯೋದೇ ಒಂದು ಪಾಡು, ಅದರ ಮೇಲೆ ಇದು ಬೇರೆ."

"ನಿನ್ನ ಹೆಸರಿನ ಕೆಳಗೆ ಇನ್ನೊಬ್ಬ ಏನೂ ಸೇರಿಸಬಾರದಲ್ಲಪ್ಪ, ಅದಕ್ಕೆ. ಮನೆ ಕಟ್ಟಿ ಬಾಗಿಲಿಗೆ ಅಗುಳಿ ಹಾಕದೆ ಮಲಗ್ತೀಯಾ?"

ಮತದಾರರ ಪಟ್ಟಿಗೆ ಸೇರಲು ಹೋದ ಅವನನ್ನು, ಕರಿಯರ ಹೆಸರು ಸೇರಿಸಲು ಇಷ್ಟವಿಲ್ಲದ ಕಚೇರಿಯವನು ಮೂರು ಸಲ ಓಡಿಸಿದ. ನಾಲ್ಕನೆಯ ಸಲಕ್ಕೆ ಹೆಸರು ಹತ್ತಿತು. ಪಾಠದ ಸುದ್ದಿ ಕಿವಿಗೆ ಬಿದ್ದು ಮುಂದಿನ ವಾರ ಲಾಂಡ್ರಿಯವನು ಅಲ್ಮೀಡಾಳನ್ನು ಕೆಲಸದಿಂದ ಬಿಡಿಸಿದ. ಅವಳು ಮನೆಯಲ್ಲೇ ಇಸ್ತ್ರಿ ಮಾಡತೊಡಗಿದಳು. ಗುರುವಾರದ ಪಾಠ ಅವಳ ಅಡುಗೆಮನೆಗೆ ಬಂತು.

* * *

ನಿನ್ನೆ ವರ್ನೀಸ್ ಕಚೇರಿಗೆ ಹೋಗಿದ್ದಳು. ಕಿಟಕಿಯ ಹಿಂದಿದ್ದ ಹುಡುಗಿಯ ಮಾತು ಬೆಣ್ಣೆಯಂತಿತ್ತು.

"ಅವರೇ ಸಹಿ ಹಾಕ್ಬೇಕು ಮೇಡಂ."

"ಅವರು ತೀರಿಹೋಗಿದ್ದಾರೆ."

"ಅಯ್ಯೋ. ಮಂಗಳವಾರ ಬದುಕಿದ್ರಾ?"

"ರಾತ್ರಿ ಹತ್ತರ ತನಕ."

"ಹಾಗಿದ್ರೆ ಓಟು ಕೊಡೋ ಹಕ್ಕೇನೋ ಇತ್ತು. ಈ ಫಾರಮಿಗೊಂದು ಸಹಿ ಆದ್ರೆ ಮುಗೀತು."

"ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತಮ್ಮ. ಎಡಗೈಲಿ ಹಾಕಿದ್ದು. ನಾನು ಪಕ್ಕದಲ್ಲೇ ಕೂತಿದ್ದೆ."

"ಇರಬಹುದು ಮೇಡಂ. ನಾವು ನೋಡೋದು ಸಹಿ ಒಂದನ್ನೇ."

ಪರದೆಯ ಮೇಲೆ ಅಮ್ಮನ ಹಳೆಯ ಸಹಿ ಇತ್ತು, ಬಾಲ ಸಮೇತ. ವರ್ನೀಸ್ ಅದನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲಳು.

ಆ ಲಕೋಟೆಗೆ ಸಹಿ ಹಾಕಲು ಅಕ್ಟೋಬರಿನಲ್ಲಿ ಅಮ್ಮನಿಗೆ ಮುಕ್ಕಾಲು ಗಂಟೆ ಹಿಡಿದಿತ್ತು. "ಕೈ ಹಿಡ್ಕೊಳ್ಲಾ?" ಎಂದದ್ದಕ್ಕೆ "ತೆಗಿ ಕೈನ. ನನ್ನ ಹೆಸರು ನಾನೇ ಬರೀತೀನಿ" ಎಂದು ಗದರಿದ್ದಳು. ಕೊನೆಯ ಅಕ್ಷರದಲ್ಲಿ ಎಡಗೈ ನಡುಗಿ ನಿಂತುಹೋಯಿತು. ಅಮ್ಮ ಅದನ್ನೇ ನೋಡುತ್ತ ಕೂತಳು. "ಅಗುಳಿ ಹಾಕಕ್ಕಾಗ್ಲಿಲ್ಲ ನೋಡೇ" ಎಂದಳು.

* * *

ಮಣ್ಣು ಮಾಡಿ ಬಂದಾಗ ನಾಲ್ಕಾಗಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಊಟ ಬಡಿಸಿದ್ದರು: ಕರಿದ ಕೋಳಿ, ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ. ಹೆಸರಿನ ಪುಸ್ತಕವನ್ನು ಮೇಜಿನ ಮೇಲೆ ತಂದಿಟ್ಟ ವರ್ನೀಸ್ ಸುಮ್ಮನೆ ಒಂದು ಪುಟ ತಿರುಗಿಸಿದಳು. ಅವಳ ಕೈ ನಿಂತಿತು. ನಲವತ್ತು ಹೆಸರು, ನಲವತ್ತು ಬಾಲ. ಮುದುಕರು ಅಮ್ಮನಿಂದ ಕಲಿತರು, ಅವರಿಂದ ಮಕ್ಕಳು ಕಲಿತರು. ಇಡೀ ಪುಟವನ್ನು ಒಬ್ಬಳೇ ಕೂತು ಬರೆದಂತಿತ್ತು.

ಅವಳು ಕೈಚೀಲದಿಂದ ನಮೂನೆ ತೆಗೆದು ಬಿಡಿಸಿದಳು. ಸಹಿಯ ಗೆರೆಯ ಮೇಲೆ ಪೆನ್ನು ಇಟ್ಟಳು.

"ಏನ್ ಮಾಡ್ತಿದ್ದೀಯೇ?" ತಟ್ಟೆ ಹಿಡಿದು ಬಂದ ಓಲಾಗೆ ಎಲ್ಲ ತಿಳಿದುಹೋಯಿತು.

"ಅಮ್ಮ ಹಾಕಿದ್ದು ಸುಳ್ಳಂತೆ ಅತ್ತೆ. ನಾನು ಹಾಕಿದ್ರೆ ನಿಜ ಆಗತ್ತೆ."

"ಜೈಲಿಗೆ ಹಾಕ್ತಾರೆ," ಪಕ್ಕದ ಕುರ್ಚಿಯಿಂದ ಹೋಸಿಯಾ ಎಂದ. "ಬಿಳಿಯರಿಗಾದ್ರೆ ತಿಳಿವಳಿಕೆ ಹೇಳಿ ಕಳಿಸ್ತಾರೆ. ನಿನಗೆ ಬೇಡಿನೇ."

"ಹಾಕ್ಲಿ! ಅರವತ್ತು ವರ್ಷ ಒಂದು ಸಲನೂ ತಪ್ಪಿಸ್ದೆ ಓಟು ಹಾಕಿದವಳು. ಕೊನೇದನ್ನ ಕಸದ ಬುಟ್ಟಿಗೆ ಹಾಕ್ತಾರಲ್ಲ, ಸಂಕಟ ಆಗಲ್ವಾ ನಿಮಗೆ?"

"ಆಗತ್ತೆ ಮಗಾ. ಕೇಳು. ಮೂರನೇ ಸಲ ಓಡಿಸಿದಾಗ ನಾನು ನಿಮ್ಮಮ್ಮನ ಕಾಲು ಹಿಡಿಯೋದೊಂದು ಬಾಕಿ. 'ಅರ್ಜಿ ಮೇಲೆ ನನ್ನ ಹೆಸರು ನೀನೇ ಬರೆದುಕೊಡು ಸಿಸ್ಟರ್, ಯಾರಿಗೆ ಗೊತ್ತಾಗತ್ತೆ' ಅಂದೆ. ರಟ್ಟು ತಗೊಂಡು ತಲೆ ಮೇಲೆ ಹೊಡೆದ್ಲು. ಬರೆದುಕೊಡ್ಲಿಲ್ಲ."

ವರ್ನೀಸ್ ಪೆನ್ನು ಎತ್ತಿದಳು. ಈಗ ನಿಜವಾಗಿ ಅತ್ತಳು. "ಹಾಗಾದ್ರೆ ಸುಮ್ನೆ ಬಿಟ್ಟುಬಿಡ್ಲಾ?"

ಹೋಸಿಯಾ ಕೈಯ ಎಣ್ಣೆ ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡ.

"ಇಲ್ಲಿ ಕೊಡು. ಅವಳ ಗೆರೆ ಮುಟ್ಟಲ್ಲ ನಾನು." ನಮೂನೆಯ ಅಂಚಿನಲ್ಲಿ ತನ್ನ ಹೆಸರು ಬರೆಯತೊಡಗಿದ.

ಓಲಾ ಗೋಡೆಯ ಗಡಿಯಾರ ನೋಡಿದಳು. "ಇವತ್ತೊಂದಿನ ಬೇಗ ಬರಿಯೋ ಮಾರಾಯ! ಐದಕ್ಕೆ ಬಾಗಿಲು ಹಾಕ್ತಾರೆ. ಏಯ್, ಎಲ್ಲರೂ ಕೈ ಒರೆಸ್ಕೊಳ್ಳಿ!"

* * *

ಐದಕ್ಕೆ ನಾಲ್ಕು ನಿಮಿಷವಿತ್ತು. ಕಿಟಕಿಯ ಹಿಂದಿನ ಹುಡುಗಿ ಕಾಗದವನ್ನು ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು. ಹಿಂದೆ, ಮುಂದೆ, ಅಂಚಿನಲ್ಲಿ, ಅಚ್ಚಾದ ಸಾಲುಗಳ ನಡುವೆ ಎಲ್ಲೆಲ್ಲೂ ಹೆಸರುಗಳು. ಪ್ರತಿ ಹೆಸರಿನ ಅಡಿಯಲ್ಲೂ ಅದೇ ಬಾಲ. ಪರದೆಯ ಮೇಲಿದ್ದ ಸಹಿಯನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿದಳು.

"ಮೇಡಂ... ಇದು ನಡೆಯಲ್ಲ."

"ಗೊತ್ತಮ್ಮ. ಸಮಯಕ್ಕೆ ಬಂತು ಅಂತ ಮೊಹರು ಹಾಕು, ಸಾಕು."

ಬಂದ ಕಾಗದಕ್ಕೆಲ್ಲ ಮೊಹರು ಹಾಕಲೇಬೇಕು, ಅದು ನಿಯಮ. ಹುಡುಗಿ ಮೊಹರನ್ನು ಮಸಿಗೆ ಒತ್ತಿ ಎತ್ತಿದಳು, ಹಾಕಲು ಜಾಗ ಹುಡುಕಿದಳು. ಇಡೀ ಕಾಗದದಲ್ಲಿ ಖಾಲಿ ಉಳಿದದ್ದು ಒಂದೇ, ಅಲ್ಮೀಡಾ ಪ್ರುಯಿಟ್ ಸಹಿ ಹಾಕಬೇಕಾಗಿದ್ದ ಗೆರೆ. ಮೊಹರು ಹಿಡಿದ ಕೈ ಅದರ ಮೇಲೆ ಹಾಗೇ ನಿಂತಿತು.