ಸಂದಿಗಿಟ್ಟ ಕಂಬಳಿ

"ಬಾಗಿಲು ಹಾಕ್ರಪ್ಪಾ, ಕಾವೆಲ್ಲ ಆ ಕಡೆ ಹೋಗ್ತಿದೆ!"

ಒಲೆಗೆ ಮುಸುಕಿನ ಜೋಳದ ದಂಟು ತುರುಕುತ್ತಿದ್ದ ಪ್ರೊಫಿರಾ ತಲೆಯೆತ್ತದೆ ಕೂಗಿದಳು. ಮೇಣದಬತ್ತಿ ಹಿಡಿದು ದೊಡ್ಡ ಕೋಣೆಗೆ ಹೊರಟವರು ಹೊಸ್ತಿಲಲ್ಲೇ ತಡೆದು ನಿಂತರು.

"ಸತ್ತವರು ಮನೇಲಿರೋವಾಗ ಬಾಗಿಲು ಹಾಕ್ತಾರೇನಕ್ಕಾ? ಜೀವ ಎಲ್ಲಿಂದ ಹೋಗ್ಬೇಕು?" ಅಂದಳು ಪಕ್ಕದ ಮನೆಯ ಸವೆತಾ.

"ಹೋಗೋದಿದ್ರೆ ಮೊನ್ನೇನೇ ಹೋಗಿರತ್ತೆ. ಒಂದು ಹೊರೆ ದಂಟಿಗೆ ಎಷ್ಟು ಪಾಡು ಅಂತ ಅದಕ್ಕೂ ಗೊತ್ತು."

ಶವಪೆಟ್ಟಿಗೆ ಹೊರಲು ಬಂದಿದ್ದ ಮುದುಕ ಎಫ್ತಿಮಿ ನಕ್ಕುಬಿಟ್ಟು, ಆಮೇಲೆ ಟೋಪಿ ತೆಗೆದ.

ಪ್ರೊಫಿರಾಳ ನಾದಿನಿ ತುದೋಸಿಯಾ ದೊಡ್ಡ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದಳು. ಮೊಲ್ದೋವಾದ ಈ ಊರಲ್ಲಿ ಮನೆಗೊಂದು ಅಂಥ ಕೋಣೆ. ಒಲೆ ಇಲ್ಲ, ಗೋಡೆ ತುಂಬ ಜಮಖಾನೆ; ನೆಂಟರಿಗೆ, ಮದುವೆಗೆ, ಹೆಣಕ್ಕೆ ಮಾತ್ರ ತೆರೆಯುವುದು. ಇಲ್ಲಿಯ ಜಮಖಾನೆಗಳನ್ನು ತುದೋಸಿಯಾ ತನ್ನ ಮದುವೆಗೆಂದು ನೇಯ್ದಿದ್ದಳು. ಮದುವೆಯಾಗಲಿಲ್ಲ. ಅಣ್ಣನ ಮನೆಯಲ್ಲಿ ಉಳಿದಳು. ಅಣ್ಣ ಹೋದ ಮೇಲೆ ಅವನ ಹೆಂಡತಿಯ ಜೊತೆ.

"ಹೋಗಿ ಅವಳ ಹತ್ರ ಕ್ಷಮೆ ಕೇಳಿ ಬಾರಕ್ಕ," ಸವೆತಾ ದನಿ ತಗ್ಗಿಸಿದಳು. "ಮುಚ್ಚಳ ಹಾಕೋ ಮುಂಚೆ ಎಲ್ರೂ ಕೇಳ್ಬೇಕಲ್ಲ. ನೀನೊಬ್ಳೇ ಬಾಕಿ."

"ಒಲೆ ಆರೋಗತ್ತೆ."

*

ಮನೆ ಕಾಯಿಸುವ ಗ್ಯಾಸಿನ ಬೆಲೆ ಏರಿದ ವರ್ಷದಿಂದ, ಚಳಿ ಬಂತೆಂದರೆ ಇಬ್ಬರೂ ಒಲೆಯಿರುವ ಕೋಣೆಗೆ ಬಂದು ಸೇರುತ್ತಿದ್ದರು. ಉಳಿದ ಬಾಗಿಲುಗಳನ್ನು ಮುಚ್ಚಿ, ಅಡಿಯ ಸಂದಿಗೆ ಹಳೆಯ ಕಂಬಳಿಯ ಸುರುಳಿ ಒತ್ತಿಡುವುದು ಪ್ರೊಫಿರಾಳ ಕೆಲಸ. ಅದರ ಬಗ್ಗೆ ಅವಳಿಗೆ ಜಂಬವೂ ಇತ್ತು. ಈ ಸಲ ತುದೋಸಿಯಾ ಹಾಸಿಗೆ ಹಿಡಿದಳು.

"ಅತ್ತಿಗೆ, ದೊಡ್ಡ ಕೋಣೆ ಬಾಗ್ಲು ಒಂಚೂರು ತೆಗಿ. ಇಲ್ಲಿಂದ್ಲೇ ನೋಡ್ತೀನಿ."

"ಏನಿದೆ ನೋಡೋಕೆ? ನೀನೇ ನೇಯ್ದಿದ್ದು, ಕಣ್ಮುಚ್ಚಿದ್ರೂ ಕಾಣತ್ತೆ."

"ಕೆಂಪು ಮಾಸಿದ್ಯಾ ಅಂತ."

"ಚಳಿ ಕಳೀಲಿ. ಆಮೇಲೆ ನಿನ್ನ ಅಲ್ಲೇ ಮಲಗಿಸ್ತೀನಂತೆ."

ತುದೋಸಿಯಾ ಮತ್ತೆ ಕೇಳಲಿಲ್ಲ.

*

ಮುಚ್ಚಳಕ್ಕೆ ಮೊಳೆ ಹೊಡೆಯುವ ಸದ್ದು ಬಂತು. ಪ್ರೊಫಿರಾ ಬೂದಿ ಕೆದಕುತ್ತಲೇ ಇದ್ದಳು. ಅವಳಿಗೆ ಏನೂ ಅನ್ನಿಸಲಿಲ್ಲ. ಪೆಟ್ಟಿಗೆ ಅವಳ ಬೆನ್ನ ಹಿಂದೆಯೇ ಹಾದು ಅಂಗಳಕ್ಕಿಳಿಯಿತು. ಮನೆ ಗುಡಿಸಲು ಯಾರಾದರೂ ಉಳಿಯಬೇಕಿತ್ತು, ತಾನೇ ಉಳಿಯುತ್ತೇನೆಂದಳು.

"ಈಗ ಹಾಕಕ್ಕಾ, ಎಲ್ಲಾ ಬಾಗ್ಲೂ ಹಾಕು!" ಸವೆತಾ ಅಂಗಳದಿಂದ ಕೂಗಿದಳು. "ಹೆಣ ಹೊರಟ ಮೇಲೆ ತೆಗೆದಿಟ್ರೆ ಸಾವು ತಿರುಗಿ ಬರತ್ತೆ. ಬೆಳಿಗ್ಗೆಯಿಂದ ನೀನೇ ಬಾಗ್ಲು ಬಾಗ್ಲು ಅಂತ ಬಾಯಿ ಬಡ್ಕೊಂಡೆ, ಈಗ ನೋಡ್ತಾ ನಿಂತಿದ್ದೀಯಲ್ಲ!"

ಪ್ರೊಫಿರಾ ಹೊರಬಾಗಿಲು ಹಾಕಿದಳು. ದೊಡ್ಡ ಕೋಣೆಯ ಬಾಗಿಲಿಗೆ ಬಂದು, ಅಭ್ಯಾಸದಂತೆ ಬಗ್ಗಿ ಕಂಬಳಿಯ ಸುರುಳಿ ಎತ್ತಿಕೊಂಡಳು. ಆಮೇಲೆ ಬಾಗಿಲನ್ನು ಗೋಡೆಯವರೆಗೂ ತಳ್ಳಿ, ಮುಚ್ಚಿಕೊಳ್ಳದಂತೆ ಸುರುಳಿಯನ್ನು ಅದಕ್ಕೆ ಒತ್ತಿಟ್ಟಳು. ಉಳಿದ ದಂಟನ್ನೆಲ್ಲ ಒಲೆಗೆ ತುಂಬಿ, ತುದೋಸಿಯಾಳ ಹಾಸಿಗೆಯ ಮೇಲೆ ಕೂತಳು.

ಇಲ್ಲಿಂದ ಕಾಣುತ್ತಿತ್ತು. ಕೆಂಪು ಮಾಸಿರಲಿಲ್ಲ.

ಆ ಕೋಣೆಯ ಕಿಟಕಿಯ ಗಾಜಿಗೆ ಹೆಪ್ಪುಗಟ್ಟಿದ್ದ ಹಿಮ ಮೂಲೆಯಲ್ಲಿ ಬಿಟ್ಟುಕೊಂಡು, ಒಂದು ಹನಿ ಗೆರೆ ಎಳೆಯುತ್ತ ಕೆಳಗಿಳಿಯಿತು.