ಲಖಮಿಯ ಬಿಳಿ ಶೂ

ಬಿಳಿಯದೇನೋ ಅಲ್ಲಾಡಿತು ಗೋಡೆಯ ಸಂದಿನಲ್ಲಿ, ಬಂದಳೇ ಹುಡುಗಿ — ಇಲ್ಲ, ಕೊಕ್ಕರೆ, ಥೂ ಇದರ, ಬಿಳಿಯದೆಲ್ಲ ಲಖಮಿಯ ಶೂ ಆಗಿಬಿಟ್ಟಿದೆ ಮಲ್ಲಕ್ಕನ ಕಣ್ಣಿಗೆ, ಶಾಲೆ ಶುರುವಾಗಿ ನಾಲ್ಕನೇ ದಿನ, ನಾಲ್ಕೂ ದಿನ ಕಾಂದಿವಲಿಯ ಈ ಹೈವೇ ಪಕ್ಕ, ಕಾಡಿನ ಗೋಡೆ ಒಡೆದಲ್ಲಿ ಹೀಗೇ ನಿಂತದ್ದು, ಇವತ್ತೂ ಬರದಿದ್ದರೆ ಇನ್ನು ಬಂದ ಹಾಗೆಯೇ, ಕಾಡೊಳಗಿನ ವಾರ್ಲಿ ಆದಿವಾಸಿಗಳ ಹಾಡಿ, ಆ ಪಾಡಾದಲ್ಲಿ ಶಾಲೆ ನಾಲ್ಕನೇ ಇಯತ್ತೆಗೆ ಮುಗಿಯುತ್ತದೆ, ಐದನೆಯದು ಬೇಕೆಂದರೆ ಹೈವೇ ದಾಟಬೇಕು, ಮಲ್ಲಕ್ಕ ಕಸ ಗುಡಿಸಿ ಗಂಟೆ ಹೊಡೆಯುವ ಶಾಲೆಗೆ ಬರಬೇಕು, ಎಷ್ಟು ಹೆಣ್ಣುಮಕ್ಕಳ ಓದು ಈ ಡಾಂಬರಿನ ಆಚೆಯೇ ನಿಂತುಹೋಯಿತೋ, ಅದಕ್ಕೇ ಅಲ್ಲವೇ ಹೋದ ತಿಂಗಳು ಲಖಮಿಯ ಅಪ್ಪನ ಅಂಗಳದಲ್ಲಿ ಕೂತು ಇದ್ದಬದ್ದ ಮರಾಠಿಯಲ್ಲಿ ಅರ್ಧ ತಾಸು ಹೇಳಿದ್ದು, ಚಿರತೆಗೆ ಹೆದರಬೇಡ ದಾದಾ, ಬೇಕಾದರೆ ನಾನೇ ಕೋಲು ಹಿಡಿದು ಬರುತ್ತೇನೆ, ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕುತ್ತೇನೆ, ಅವನು ನಕ್ಕಿದ್ದೇ ನಕ್ಕಿದ್ದು, ಚಿರತೆಯಲ್ಲ ಬಾಯೀ, ಅವನು ವಾಘೋಬಾ, ನಮ್ಮ ದೇವರು, ಅವನಿಗೆ ನಮ್ಮ ಮಕ್ಕಳ ಗುರುತಿದೆ, ನಿಮ್ಮ ರಸ್ತೆಯ ಡಂಪರ್ ಲಾರಿಗೆ ಯಾರ ಗುರುತಿದೆ ಹೇಳು — ಎಂಥ ಪೆದ್ದಿ ತಾನು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಹೋಗಿದ್ದಳಲ್ಲ.

ಡಂಪರಿನ ಭಯ ತನಗೆ ಗೊತ್ತಿಲ್ಲವೇ, ಬೀದರಿನಿಂದ ಬಂದು ಬಿಲ್ಡಿಂಗ್ ಕೆಲಸಕ್ಕೆ ಇಟ್ಟಿಗೆ ಹೊರುವಾಗ ಮಗಳು ಶೈಲಾಳ ಕಾಲಿಗೆ ಸೀರೆಯಂಚು ಕಟ್ಟಿ ಕಂಬಕ್ಕೆ ಬಿಗಿದವಳು, ಬಿಲ್ಡಿಂಗ್ ಮುಗಿದ ಹಾಗೆ ಜಾಗ ಬದಲು, ಯಾವ ಶಾಲೆಯಲ್ಲೂ ಆ ಕೂಸು ನೆಟ್ಟಗೆ ಎರಡು ತಿಂಗಳು ಕೂರಲಿಲ್ಲ, ಈಗ ವಡಾಲದಲ್ಲಿ ಸಂಸಾರ, ಅವ್ವಾ, ಬಸ್ಸಿನ ಬೋರ್ಡ್ ಈಗೂ ಮಂದಿಗಿ ಕೇಳೇ ಹತ್ತಬೇಕಾಗ್ತದ ನೋಡು ಎಂದು ನಗುತ್ತಾಳೆ, ಇರಲಿ, ಲಖಮಿಯಾದರೂ ಓದಲಿ, ದಾದರ್ ಪೇಟೆಯಿಂದ ಶೂ ಕೊಂಡೊಯ್ದು ಕೊಟ್ಟಾಗ ಹಾಕಿಕೊಳ್ಳದೆ ಮೂಸಿ ನೋಡಿದ್ದಳು, ಬೆಳೆಯುವ ಕಾಲು ಅಂತ ಎರಡು ಅಳತೆ ದೊಡ್ಡದೇ ತಂದದ್ದು, ರಸ್ತೆ ದಾಟುವ ತನಕ ಅವಳ ಕೈ ಬಿಡುವುದಿಲ್ಲ ಅಂತ ಮಲ್ಲಕ್ಕ ಅಂದದ್ದಕ್ಕೆ ಅಪ್ಪ ನೋಡೋಣ ಅಂದನಷ್ಟೇ, ನೋಡೋಣ ಅಂದರೆ ಏನರ್ಥ, ಗಂಟೆ ಹೊಡೆಯಲು ಹತ್ತೇ ನಿಮಿಷ, ಬಿಳಿಯದೇನೋ ಮತ್ತೆ, ಕೊಕ್ಕರೆಯೇ — ಅಲ್ಲ, ಒಂದಲ್ಲ, ಎರಡು, ಹುಡುಗಿ ಬರಿಗಾಲಲ್ಲಿ, ಹಿಂದೆ ಅಪ್ಪ, ಕೆಸರಾಗಬಾರದೆಂದು ಕೈಗೊಂದರಂತೆ ಶೂ ಎತ್ತಿ ಹಿಡಿದಿದ್ದಾಳೆ ನನ್ನವ್ವ, ಮಲ್ಲಕ್ಕ ಕೈ ಚಾಚಿದರೆ ಕೊಡಲು ಅವಳ ಕೈ ಖಾಲಿ ಇಲ್ಲ, ಅಪ್ಪ ಲೇಸಿಗೆ ಲೇಸು ಗಂಟು ಹಾಕಿ ಅವಳ ಕೊರಳಿಗೆ ಹಾಕಿದ, ಖಾಲಿಯಾದ ಕೈಯನ್ನು ಮಲ್ಲಕ್ಕನ ಕೈಯಲ್ಲಿಟ್ಟ, ಧಾರೆ ಎರೆದುಕೊಟ್ಟ ಹಾಗೆ, ಬಿಡಬೇಡ ಬಾಯೀ — ಬಿಡಾಂಗಿಲ್ಲೋ ಯಪ್ಪಾ, ಕನ್ನಡದಲ್ಲೇ ಬಂತು ಬಾಯಿಗೆ, ಅವನಿಗೆ ತಿಳಿಯಿತು, ಸಿಗ್ನಲ್ ಕೆಂಪಾಯಿತು, ಡಂಪರು ಗುರುಗುಡುತ್ತ ನಿಂತಿತು, ನಡಿ ಕೂಸೇ, ಬೆವೆತ ಪುಟ್ಟ ಕೈ, ಬಿಗಿ, ಇನ್ನೂ ಬಿಗಿ, ಇನ್ನೇನೂ ಕಾಣುವುದಿಲ್ಲ ಮಲ್ಲಕ್ಕನ ಕಣ್ಣಿಗೆ, ಹುಡುಗಿಯ ಎದೆಯ ಮೇಲೆ ಬಡಿಯುವ ಎರಡು ಬಿಳಿ ಶೂ, ಎರಡು ಬಿಳಿ ಶೂ