ಜೇಬಿನಲ್ಲಿದ್ದ ತುಂಡು

ಆ ತೊಟ್ಟಿಲನ್ನು ಕಂಡರೆ ದೊಡ್ಡವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು.

ಕೂಸು ಮಲಗಿಸುವ ತೊಟ್ಟಿಲಲ್ಲ ಅದು. ಮರದ ಏಣಿ ಮಾಡುವ ಶೆಡ್ಡಿನಲ್ಲಿ ಗರಗಸದ ಮೇಜಿನ ಮೇಲೆ ಹಿಂದೆ ಮುಂದೆ ಜಾರುವ ಅಗಲವಾದ ಹಲಗೆ. ಅದಕ್ಕೆ ಮುಂದೊಂದು ಹಿಂದೊಂದು ಅಡ್ಡಪಟ್ಟಿ, ಅಡಿಯಲ್ಲಿ ಮೇಜಿನ ಸೀಳುಗಳೊಳಗೆ ಓಡುವ ಎರಡು ಕಡ್ಡಿ. ಕೊಯ್ಯಬೇಕಾದ ಮರವನ್ನು ಅದರಲ್ಲಿ ಒತ್ತಿ ಹಿಡಿದು ಹಲಗೆಯನ್ನೇ ಬ್ಲೇಡಿನ ಕಡೆಗೆ ತಳ್ಳಿದರಾಯಿತು. ಮರ ಅಲುಗುವುದಿಲ್ಲ, ಕೈ ಬ್ಲೇಡಿನ ಹತ್ತಿರ ಸುಳಿಯುವುದಿಲ್ಲ. "ಲಾಲಿ ಹಾಡಮ್ಮಾ, ಮರಕ್ಕೆ ನಿದ್ದೆ ಬರ್ಲಿ" ಎಂದು ಅಂಟು ಕಲಸುವ ಮುದುಕ ನಗಾಡಿದ್ದೇ ತಡ, ತೊಟ್ಟಿಲು ಎಂಬ ಹೆಸರು ನಿಂತುಬಿಟ್ಟಿತು.

ಅದನ್ನು ಮಾಡಿದವಳು ಚಿಕ್ಕವಳು. ದೊಡ್ಡವಳ ಮೈದುನನ ಹೆಂಡತಿ, ಒಂದೇ ಮನೆಯ ಓರಗಿತ್ತಿ.

ಚಿಕ್ಕವಳನ್ನು ಮೆಷಿನ್ನಿನ ಮುಂದೆ ತಂದು ನಿಲ್ಲಿಸಿದವಳೂ ದೊಡ್ಡವಳೇ. ಅದೇ ಹೆಚ್ಚು ಸಂಕಟ. ಭುಜ ಜಾರಿ ಕೈ ಎತ್ತಲಾಗದೆ ಅವಳು ಮನೆಯಲ್ಲಿ ಮಲಗಿದ್ದಾಗ ಮಾಲೀಕ ಹೇಳಿ ಕಳಿಸಿದ್ದ: "ನಿಮ್ಮನೆಯಿಂದ್ಲೇ ಯಾರನ್ನಾದ್ರೂ ಕಳಿಸಮ್ಮ, ಜಾಗ ನಿಂದೇ ಇರುತ್ತೆ." ಹೊರಗಿನವರು ಬಂದು ಕೂತರೆ ಏಳಿಸುವುದು ಕಷ್ಟ. ಇವಳಾದರೋ ಹಲಗೆಗೂ ಸೌದೆಗೂ ವ್ಯತ್ಯಾಸ ತಿಳಿಯದವಳು, ಇವಳಿಂದ ನನಗೇನು ಭಯ, ಎಂದುಕೊಂಡು ಮಲಗಿದಲ್ಲಿಂದಲೇ ಪಾಠ ಹೇಳಿದಳು.

"ಬ್ಲೇಡಿನ ನೇರಕ್ಕೆ ನಿಲ್ಬೇಡ ಕಣೇ, ಪಕ್ಕಕ್ಕೆ ನಿಲ್ಲು. ತೋಳು ಮಡಚು, ಕೂದ್ಲು ಬಿಗಿಯಾಗಿ ಕಟ್ಟು. ಹಲ್ಲು ಮರದ ಮೇಲೆ ಒಂಚೂರು ಇಣುಕಿದ್ರೆ ಸಾಕು, ಅದಕ್ಕಿಂತ ಎತ್ತಬೇಡ. ಬರಿಗೈಲಿ ಅಡ್ಡ ಕೊಯ್ಯೋಕೆ ಹೋಗ್ಬೇಡ, ಮರಾನ ಗೇಜಿಗೆ, ಮೇಜಿನ ಸೀಳಲ್ಲಿ ಓಡೋ ಆ ಆಸರೆಗೆ, ಆನಿಸ್ಕೊಂಡೇ ತಳ್ಳು. ತುಂಡು ಬಿತ್ತು ಅಂತ ಕೈ ಚಾಚ್ಬೇಡ. ಮೆಷಿನ್ ಆರಿಸು, ಬ್ಲೇಡು ಪೂರ್ತಿ ನಿಂತ ಮೇಲೆ ತೆಗಿ. ಮೆಷಿನ್ ಮುಂದೆ ಇರೋರನ್ನ ಯಾರೂ ಕೂಗಬಾರ್ದು, ಮುಟ್ಟಬಾರ್ದು. ಬೆಚ್ಚಿಬಿದ್ದ ಕೈ ಎಲ್ಲಿಗೆ ಹೋಗುತ್ತೋ ಗೊತ್ತಿರಲ್ಲ."

ಎಲ್ಲ ಹೇಳಿದಳು. ಒಂದನ್ನು ಬಿಟ್ಟು.

ಆ ಒಂದು ಅವಳ ಏಪ್ರನ್ನಿನ ಜೇಬಿನಲ್ಲಿತ್ತು. ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪನೆಯ ಗಟ್ಟಿಮರದ ತುಂಡು. ಏಣಿಯ ಮೆಟ್ಟಿಲುಗಳೆಲ್ಲ ಒಂದೇ ಅಳತೆಗೆ ಬರಬೇಕು, ಒಂದೊಂದಕ್ಕೂ ಪೆನ್ಸಿಲ್ ಗುರುತು ಹಾಕುತ್ತ ಕೂತರೆ ಹೊತ್ತು ಮುಳುಗುತ್ತದೆ. ಮೇಜಿನ ಬಲಗಡೆ ಬ್ಲೇಡಿಗೆ ಸಮಾನಾಂತರವಾಗಿ ಉದ್ದನೆಯ ಕಬ್ಬಿಣದ ಪಟ್ಟಿ ಇದೆಯಲ್ಲ, ಶೆಡ್ಡಿನವರು ಅದನ್ನು ಗೋಡೆ ಎನ್ನುತ್ತಿದ್ದರು, ಆ ಗೋಡೆಗೇ ಮರದ ತುದಿ ತಾಗಿಸಿ ಕೊಯ್ದರಾಯಿತು ಎಂದು ಯಾರಿಗಾದರೂ ತೋಚುತ್ತದೆ. ಸಾವು ಕೂತಿರುವುದು ಅಲ್ಲೇ. ಕೊಯ್ದ ಮೆಟ್ಟಿಲು ಬ್ಲೇಡಿಗೂ ಗೋಡೆಗೂ ನಡುವೆ ಸಿಕ್ಕಿಬೀಳುತ್ತದೆ. ಕೂದಲೆಳೆಯಷ್ಟು ಓರೆಯಾದರೂ ಸಾಕು, ಬ್ಲೇಡಿನ ಹಿಂಬದಿಯ ಹಲ್ಲು ಅದನ್ನು ಮೇಲೆತ್ತಿ ಕೊಯ್ಯುವವರ ಮೈಮೇಲೆಯೇ ಬೀಸಿ ಹೊಡೆಯುತ್ತದೆ. ಅದಕ್ಕೇ ಆ ತುಂಡು. ಅದನ್ನು ಗೋಡೆಗೆ, ಬ್ಲೇಡಿಗಿಂತ ಸಾಕಷ್ಟು ಈಚೆಗೆ, ತನ್ನ ಹೊಟ್ಟೆಯ ಕಡೆಗೆ ಬಿಗಿಯಬೇಕು. ಮರದ ತುದಿಯನ್ನು ತುಂಡಿಗೆ ಮುಟ್ಟಿಸಿ ಅಳತೆ ಹಿಡಿದು, ಆಮೇಲೆ ಗೇಜು ತಳ್ಳಬೇಕು. ಮರ ಬ್ಲೇಡಿಗೆ ತಾಗುವ ಹೊತ್ತಿಗೆ ಅದರ ತುದಿ ತುಂಡನ್ನು ದಾಟಿರುತ್ತದೆ. ಕೊಯ್ದ ಮೆಟ್ಟಿಲಿಗೂ ಗೋಡೆಗೂ ನಡುವೆ ತುಂಡಿನ ದಪ್ಪದಷ್ಟು ತೆರವು. ಮರಕ್ಕೆ ಉಸಿರಾಡುವಷ್ಟು ಜಾಗ.

ಇದನ್ನು ಕಲಿಸಿದ ಹಳೆಯ ಮೇಸ್ತ್ರಿ ಈಗಿಲ್ಲ. ಶೆಡ್ಡಿನಲ್ಲಿ ಗೊತ್ತಿದ್ದದ್ದು ದೊಡ್ಡವಳೊಬ್ಬಳಿಗೆ. ಯಾರಾದರೂ ಹತ್ತಿರ ಬಂದರೆ ಮೆಷಿನ್ ನಿಲ್ಲಿಸಿ ತುಂಡಿನ ಮೇಲೆ ಅಂಗೈ ಇಟ್ಟುಕೊಂಡು ನಿಲ್ಲುತ್ತಿದ್ದಳು, ಸಂಜೆ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಬೇರೆ ಹೆಂಗಸರು ಕಿವಿಯೋಲೆ ಬಚ್ಚಿಟ್ಟಂತೆ ಅವಳು ಅದನ್ನು ಬಚ್ಚಿಟ್ಟಳು. ಅವಳಲ್ಲಿ ಬಚ್ಚಿಡಲು ಇದ್ದದ್ದು ಅದೊಂದೇ.

ಭುಜ ವಾಸಿಯಾಗಿ ಮರಳಿ ಬಂದರೆ ಶೆಡ್ಡಿನ ತುಂಬ ತೊಟ್ಟಿಲಿನದೇ ಮಾತು. ಮನೆಯಲ್ಲೂ ಅದೇ.

"ಚಿಕ್ಕವಳು ನಿನ್ನೆ ಮೊನ್ನೆ ಹೋದೋಳು, ಆಗ್ಲೇ ಏನೋ ಮಾಡಿ ಇಟ್ಟಳಂತೆ! ನೀನು ಇಷ್ಟು ವರ್ಷ ಏನು ಮಾಡ್ದೆ?" ಎಂದು ಅತ್ತೆ ಕೆಮ್ಮುತ್ತಲೇ ಕೇಳಿದಳು.

"ಹತ್ತು ಬೆರಳು ಉಳಿಸ್ಕೊಂಡೆ ಅತ್ತೆ."

"ಅವಳ ಕೈ ಬಂಗಾರ ಕಣೇ," ಎಂದ ಗಂಡ, ತಟ್ಟೆಯಿಂದ ತಲೆ ಎತ್ತದೆ.

"ಹಾಗಾದ್ರೆ ನಾಳೆ ಕತ್ತರಿಸ್ಕೊಂಡು ಹೋಗಿ ಅಡ ಇಟ್ಟು ಬನ್ನಿ."

ಚಿಕ್ಕವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆ ನಗುವೂ ದೊಡ್ಡವಳಿಗೆ ಚುಚ್ಚಿತು. ಕೋಪ ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಪಾತ್ರೆ ತೊಳೆಯುವಾಗ ಪಕ್ಕಕ್ಕೆ ಬಂದು, "ಅಕ್ಕಾ, ನೀವು ಪೆನ್ಸಿಲ್ಲೇ ಇಲ್ದೆ ಅದು ಹೆಂಗೆ ಎಲ್ಲಾ ಒಂದೇ ಅಳತೆಗೆ ಕೊಯ್ತೀರಿ?" ಎಂದು ಕೇಳಿದಳು.

"ಕೈ ಪಳಗಬೇಕು. ಸುಮ್ನೆ ಬರಲ್ಲ."

"ನಂಗೂ ಹೇಳ್ಕೊಡಿ ಅಕ್ಕಾ."

"ಬಂಗಾರದ ಕೈ ಇದೆಯಲ್ಲ, ಅದನ್ನೇ ಕೇಳು."

ಆ ಕಿಚ್ಚು ತಾನಾಗಿ ಹತ್ತಿದ್ದಲ್ಲ, ಊದುವವನು ಬೇರೆ ಇದ್ದ. ದೊಡ್ಡವಳ ಎದುರಿಗೆ ಮಾಲೀಕ, "ಚಿಕ್ಕಮ್ಮ ಚುರುಕಮ್ಮ, ವಯಸ್ಸು ನೋಡು" ಎನ್ನುತ್ತಿದ್ದ. ಚಿಕ್ಕವಳ ಎದುರಿಗೆ, "ದೊಡ್ಡಮ್ಮನ ಕೆಲಸ ಅಂದ್ರೆ ಕೆಲಸ, ನೀನು ಇನ್ನೂ ಕಲೀಬೇಕು" ಎನ್ನುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಓಡುತ್ತಿದ್ದರು. ಏಣಿಗಳು ಮಾತ್ರ ಲಾರಿ ಹತ್ತಿ ಅವನ ಹೆಸರಿನಲ್ಲಿ ಹೋಗುತ್ತಿದ್ದವು.

ದೊಡ್ಡವಳು ಮಲಗಿದ್ದಾಗ ಅವನು ಇನ್ನೊಂದು ಕೆಲಸ ಮಾಡಿದ್ದ. ಬ್ಲೇಡಿನ ಮೇಲಿನ ಮುಚ್ಚಳವನ್ನೂ, ಕೊಯ್ದ ಸೀಳು ಕೂಡಿಕೊಂಡು ಬ್ಲೇಡನ್ನು ಹಿಡಿಯದಂತೆ ಅದರ ಬೆನ್ನಿಗೆ ನಿಲ್ಲುವ ತಗಡಿನ ನಾಲಗೆಯನ್ನೂ ಬಿಚ್ಚಿ ತೆಗೆಸಿದ್ದ. "ಎಲ್ಲಿ ಸಾರ್ ಅದು?" ಎಂದು ದೊಡ್ಡವಳು ಬಂದ ದಿನವೇ ಕೇಳಿದಳು. "ರಿಪೇರಿಗೆ ಹೋಗಿದೆ. ನಿಂಗೆ ಅದಿಲ್ದೆ ಕೈ ಓಡಲ್ವಾ? ಚಿಕ್ಕಮ್ಮ ಕೇಳ್ಲೇ ಇಲ್ಲ." ಅಷ್ಟು ಸಾಕಾಯಿತು. ಅವಳು ಮತ್ತೆ ಬಾಯಿ ತೆರೆಯಲಿಲ್ಲ. ಚಿಕ್ಕವಳು ಕೇಳದೆ ಇದ್ದದ್ದು ಅಲ್ಲೊಂದು ಮುಚ್ಚಳ ಇರಬೇಕು ಎಂದೇ ತಿಳಿಯದೆ.

ಒಂದು ದಿನ ಅವನು ಇಬ್ಬರನ್ನೂ ಕರೆದ. ಶೆಡ್ಡಿನ ಮೂಲೆಯ ತನ್ನ ಮೇಜಿನ ಕೆಳಗೆ ಕಾಲು ಚಾಚಿ, ಯಾವುದೋ ತಗಡಿನ ಮೇಲೆ ಪಾದ ಇಟ್ಟುಕೊಂಡು ಆರಾಮಾಗಿ ಕೂತಿದ್ದ.

"ಮೆಷಿನ್ ಒಂದು, ನೀವಿಬ್ರು. ಒಬ್ರು ಉಜ್ಜೋ ಕೋಣೆಗೆ ಹೋಗ್ಬೇಕಾಗುತ್ತೆ. ನಾನು ಯಾರಿಗೂ ಅನ್ಯಾಯ ಮಾಡೋನಲ್ಲ. ನಾಳೆ ಟೀಗೆ ಮುಂಚೆ ದೊಡ್ಡಮ್ಮ ಕೊಯ್ಲಿ, ಟೀ ಆದ್ಮೇಲೆ ಅಷ್ಟೇ ಹೊತ್ತು ಚಿಕ್ಕಮ್ಮ. ಯಾರ ರಾಶಿ ದೊಡ್ಡದೋ ಅವರಿಗೆ ಮೆಷಿನ್."

ಮರವನ್ನು ಉಜ್ಜಿ ನುಣುಪು ಮಾಡುವ ಆ ಕೋಣೆಗೆ ಕಿಟಕಿಯಿಲ್ಲ. ಬಾಗಿಲು ತೆರೆದರೆ ಧೂಳು ಪಾಲಿಶಿನ ಮೇಲೆ ಕೂರುತ್ತದೆಂದು ಬಾಗಿಲೂ ಮುಚ್ಚಿಯೇ ಇರುತ್ತದೆ. ಧೂಳು ಹೋಗಲು ಉಳಿದ ಜಾಗ ಎದೆಯೊಂದೇ. ಅತ್ತೆ ದುಡಿದದ್ದು ಅಲ್ಲಿ. ಅವಳ ಕೆಮ್ಮು ಈಗಲೂ ಆ ಕೋಣೆಯದೇ. ಇಬ್ಬರು ಸೊಸೆಯರಿಗೂ ಅದು ಗೊತ್ತು.

ಮರುದಿನ ದೊಡ್ಡವಳು ಮೈಮೇಲೆ ಬಂದವಳಂತೆ ಕೊಯ್ದಳು. ತುಂಡನ್ನು ಗೋಡೆಗೆ ಬಿಗಿದು ಅದರ ಮೇಲೆ ಒರೆಸುವ ಬಟ್ಟೆ ಇಳಿಬಿಟ್ಟಿದ್ದಳು. ಮುಟ್ಟಿಸು, ತಳ್ಳು, ಎಳೆ. ಮುಟ್ಟಿಸು, ತಳ್ಳು, ಎಳೆ. ಕೊಯ್ದ ಮೆಟ್ಟಿಲುಗಳನ್ನು ಮೊಳದುದ್ದದ ಕೋಲಿನಿಂದ ಆಚೆ ಸರಿಸುತ್ತಿದ್ದಳೇ ಹೊರತು ಕೈಯಿಂದಲ್ಲ. ಟೀ ಗಂಟೆ ಬಾರಿಸಿದಾಗ ರಾಶಿ ಅವಳ ಸೊಂಟಕ್ಕೆ ಬಂದಿತ್ತು. ಯಾರಿಗೂ ಕಾಣದಂತೆ ತುಂಡು ಬಿಚ್ಚಿ ಜೇಬಿಗೆ ಹಾಕಿ, ಬೆವರು ಒರೆಸಿಕೊಂಡು ಟೀ ಕುಡಿದಳು. ಎಂದೂ ಇಲ್ಲದ ರುಚಿ.

ಚಿಕ್ಕವಳು ಆ ರಾಶಿಯನ್ನು ನೋಡಿದಳು. ತೊಟ್ಟಿಲಿನಲ್ಲಿ ಒಂದೊಂದಕ್ಕೂ ಗುರುತು ಹಾಕಿಕೊಂಡು ಇದನ್ನು ಮುಟ್ಟುವುದು ಕನಸಿನ ಮಾತು. ತೊಟ್ಟಿಲನ್ನು ಎತ್ತಿ ಶೆಡ್ಡಿನ ತಗಡಿನ ಗೋಡೆಗೆ ಒರಗಿಸಿದಳು.

'ಇಳಿಸಿದಳಲ್ಲ!' ದೊಡ್ಡವಳ ಎದೆಯಲ್ಲಿ ಹಾಲು ಸುರಿದಂತಾಯಿತು. 'ಇಷ್ಟೇನಾ ನಿನ್ನ ಬಂಗಾರ?'

ಚಿಕ್ಕವಳು ಗೇಜು ಎತ್ತಿಕೊಂಡಳು. ಗೋಡೆಯನ್ನು ಜರುಗಿಸಿ, ಮೆಟ್ಟಿಲಿನ ಅಳತೆಗೆ ಸರಿಯಾಗಿ ಬ್ಲೇಡಿನ ಪಕ್ಕಕ್ಕೆ ತಂದು ಬಿಗಿದಳು. ಮರದ ತುದಿಯನ್ನು ಬರಿಯ ಗೋಡೆಗೆ ತಾಗಿಸಿದಳು. ಮೆಷಿನ್ ಒದರತೊಡಗಿತು.

ದೊಡ್ಡವಳ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಇದು ತನ್ನದೇ ನಿಲುವು, ತನ್ನದೇ ತಳ್ಳು, ತನ್ನದೇ ಎಳೆತ. ದೂರದಿಂದ ಕದ್ದು ನೋಡಿ ಇವಳು ತನ್ನನ್ನೇ ಕಲಿತಿದ್ದಾಳೆ. ಬಚ್ಚಿಟ್ಟದ್ದೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಕಲಿತಿದ್ದಾಳೆ.

ಮೊದಲ ಮೆಟ್ಟಿಲು ಸಲೀಸಾಗಿ ಬಂತು. ಎರಡನೆಯದೂ ಬಂತು. "ಭಲೇ ಚಿಕ್ಕಮ್ಮ!" ಎಂದ ಮಾಲೀಕ.

ಸುಳ್ಳೇಕೆ, ದೊಡ್ಡವಳಿಗೆ ಮೊದಲು ಆದದ್ದು ಭಯವಲ್ಲ. ಒಂದು ಮೆಟ್ಟಿಲು ಹಾರಲಿ, ನಾಲ್ಕು ಜನರ ಮುಂದೆ ಇವಳ ಮುಖ ಬಾಡಲಿ, ಅತ್ತೆಗೂ ಸುದ್ದಿ ಹೋಗಲಿ ಎಂಬ ಸಿಹಿ ಆಸೆ. ಅದು ನಾಲಗೆಯ ಮೇಲೆ ಟೀಯಷ್ಟೇ ಬೆಚ್ಚಗಿತ್ತು. ಆಮೇಲೆ ಅವಳ ಕಣ್ಣು ಚಿಕ್ಕವಳ ಕಾಲಿಗೆ ಬಿತ್ತು. ಅವಸರದಲ್ಲಿ ಅವಳು ಪಕ್ಕದಿಂದ ಸರಿದು ಬ್ಲೇಡಿನ ನೇರಕ್ಕೆ ಬಂದಿದ್ದಳು. ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಮೂರನೆಯ ಮರ ಗೋಡೆಗೆ ತಾಗಿ ತುಸು ಓರೆಯಾಗಿ ಕೂತಿತ್ತು.

ಕೂಗುವಂತಿಲ್ಲ. ಮುಟ್ಟುವಂತಿಲ್ಲ. ಅದನ್ನು ಹೇಳಿಕೊಟ್ಟವಳು ತಾನೇ.

ಲೋಟ ಬಿಸಾಡಿ ಓಡಿದಳು. ಮಾಲೀಕನ ಕುರ್ಚಿಯ ಹಿಂದೆ ಗೋಡೆಯಲ್ಲಿ ಮೇನ್ ಸ್ವಿಚ್ಚು. ಅವನ ಭುಜದ ಮೇಲಿಂದಲೇ ಕೈ ಹಾಕಿ ಹಿಡಿಯನ್ನು ಕೆಳಕ್ಕೆ ಎಳೆದಳು. ಶೆಡ್ಡಿನ ದೀಪ, ಫ್ಯಾನು ಎಲ್ಲ ಹೋದವು. ಮೆಷಿನ್ನಿನ ಒದರಾಟ ಇಳಿಯುತ್ತ ಬಂತು. ಏನಾಯಿತೆಂದು ನೋಡಲು ಚಿಕ್ಕವಳು ಮರ ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ತಿರುಗಿದಳು. ಇನ್ನೂ ತಿರುಗುತ್ತಿದ್ದ ಬ್ಲೇಡು ಅಷ್ಟರಲ್ಲಿ ಮೆಟ್ಟಿಲನ್ನು ಕಚ್ಚಿ ಎಸೆಯಿತು.

ಢಬ್ ಎಂದಿತು. ಅವಳು ನಿಂತಿದ್ದ ಜಾಗದ ಮೇಲಿಂದ ಹಾರಿದ ಮೆಟ್ಟಿಲು ಹಿಂದಿದ್ದ ಪ್ಲಾಸ್ಟಿಕ್ ಡ್ರಮ್ಮಿಗೆ ಹೊಕ್ಕು, ಅರ್ಧ ಒಳಗೆ ಅರ್ಧ ಹೊರಗೆ ನಿಂತಿತ್ತು. ಕುಡಿಯುವ ನೀರು ಅದರ ಸುತ್ತಲಿಂದ ಚಿಮ್ಮಿ ಮರದ ಹೊಟ್ಟಿನ ಮೇಲೆ ಹರಿಯತೊಡಗಿತು. ತೂತು ಚಿಕ್ಕವಳ ಹೊಕ್ಕುಳಿನ ಎತ್ತರಕ್ಕಿತ್ತು. ಎಲ್ಲರೂ ಡ್ರಮ್ಮನ್ನು ನೋಡಿದರು, ಅವಳನ್ನು ನೋಡಿದರು, ಮತ್ತೆ ಡ್ರಮ್ಮನ್ನು ನೋಡಿದರು.

ಮೊದಲು ಮಾತಾಡಿದವನು ಮಾಲೀಕ. "ಅಯ್ಯೋ, ಹೊಸ ಡ್ರಮ್ಮು! ಯಾರು ಕೊಡ್ತಾರೆ ಅದನ್ನ?"

ಚಿಕ್ಕವಳು ಮೇಜನ್ನು ಹಿಡಿದುಕೊಂಡು ನಿಂತಿದ್ದಳು. "ನೀವು ಹಿಂಗೇ ಕೊಯ್ತಿದ್ರಲ್ಲ ಅಕ್ಕಾ," ಎಂದಳು. "ನಾನು ನೋಡಿದ್ದೀನಿ. ಹಿಂಗೇ."

ಬೈದಿದ್ದರೆ ದೊಡ್ಡವಳು ಎದುರು ಬೈಯುತ್ತಿದ್ದಳು. ಈ ಮಾತಿಗೆ ಅವಳ ಕೈ ಜೇಬಿನ ತುಂಡಿನ ಮೇಲೆ ಹೋಯಿತು.

"ಸರಿ ಬಿಡಿ," ಎಂದು ಮಾಲೀಕ ಗಂಟಲು ಸರಿಮಾಡಿಕೊಂಡ. "ತೀರ್ಮಾನ ಆಯ್ತಲ್ಲ. ದೊಡ್ಡಮ್ಮ, ಮೆಷಿನ್ ನಿಂದು. ಚಿಕ್ಕಮ್ಮ, ನೀನು ಉಜ್ಜೋ ಕೋಣೆಗೆ ನಡಿ. ಸ್ವಿಚ್ ಹಾಕ್ರೋ."

ಬೇಕಾದದ್ದು ಬಂದಿತ್ತು. ಇಷ್ಟು ದಿನ ನಿದ್ದೆಯಲ್ಲೂ ಬೇಡಿದ್ದು ಇದನ್ನೇ. ದೊಡ್ಡವಳು ಕೈ ಚಾಚಿ ತೆಗೆದುಕೊಳ್ಳಬಹುದಿತ್ತು. ಅವಳ ಕಣ್ಣು ಮಾತ್ರ ಅವನ ಮೇಜಿನ ಕೆಳಗಿತ್ತು. ಗಾಬರಿಯಲ್ಲಿ ಅವನು ಕಾಲು ಎತ್ತಿಕೊಂಡಿದ್ದ. ಅಲ್ಲಿ, ಅವನ ಚಪ್ಪಲಿಯ ಧೂಳು ಮೆತ್ತಿಕೊಂಡು, ಬ್ಲೇಡಿನ ಮುಚ್ಚಳ ಮಲಗಿತ್ತು. ತಗಡಿನ ನಾಲಗೆ ಅದರ ಪಕ್ಕದಲ್ಲೇ.

"ರಿಪೇರಿ ಆಯ್ತಾ ಸಾರ್?" ಎಂದಳು.

"ಏನು?"

"ನೀವು ಕಾಲಿಡೋ ಮಣೆ."

ಅಂಟಿನ ಮುದುಕ ಬಗ್ಗಿ ನೋಡಿದ. ಪಾಲಿಶ್ ಹೊಡೆಯುವವರು ಬಂದು ನೋಡಿದರು. ಉಜ್ಜುವ ಕೋಣೆಯ ಬಾಗಿಲು ತೆರೆದು ಧೂಳು ಮೆತ್ತಿ ಹುಬ್ಬು ಬೆಳ್ಳಗಾದ ಇಬ್ಬರು ಹೊರಗೆ ಬಂದು ನೋಡಿದರು.

"ಅದಿದ್ರೆ ಕೆಲಸ ನಿಧಾನ ಆಗುತ್ತಮ್ಮ..."

"ನಿಧಾನ ಆಗ್ಲಿ. ಅದು ಮೆಷಿನ್ ಮೇಲೆ ಕೂರೋವರೆಗೂ ನಾನು ನಿಲ್ಲಲ್ಲ. ಆ ಕೋಣೆಗೆ ಕಿಟಕಿ ಒಡೆಯೋವರೆಗೂ ಇವಳೂ ಹೋಗಲ್ಲ. ಅವಸರ ಇದ್ರೆ ನೀವೇ ಕೊಯ್ರಿ ಸಾರ್. ಮರ ಇದೆ, ಬ್ಲೇಡ್ ಇದೆ. ನಿಮ್ಗೂ ಹತ್ತು ಬೆರಳಿದೆ."

ಮಾಲೀಕ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನೊಳಗೆ ಇಳಿಸಿದ. ಅದು ತಾನಾಗಿ ನಡೆದದ್ದು, ಅವನಿಗೇ ತಿಳಿಯದೆ. ಶೆಡ್ಡು ಪೂರ್ತಿ ನೋಡಿತು. ಮುದುಕ ಅಂಟಿನ ಡಬ್ಬಿಗೆ ಮುಚ್ಚಳ ಹಾಕಿ ಹಲಗೆಗಳ ಮೇಲೆ ಕೂತ. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಮೇನ್ ಸ್ವಿಚ್ಚನ್ನು ಯಾರೂ ಎತ್ತಲಿಲ್ಲ. ಲಾರಿಯವನು ಹೊರಗೆ ಹಾರನ್ ಹೊಡೆದ, ಮತ್ತೆ ಹೊಡೆದ. ಕೊನೆಗೆ ಮಾಲೀಕ ಒಂದು ಕೈ ಜೇಬಿನಿಂದ ತೆಗೆದು, ಬಗ್ಗಿ, ಮುಚ್ಚಳವನ್ನು ಎತ್ತಿ ಗರಗಸದ ಮೇಜಿನ ಮೇಲೆ ಇಟ್ಟ. ಕಿಟಕಿಯ ಬಗ್ಗೆ ಬಾಯಿ ಬಿಡಲಿಲ್ಲ. ಕೂತವರೂ ಏಳಲಿಲ್ಲ.

ಕೂತಲ್ಲಿಯೇ ದೊಡ್ಡವಳು ಜೇಬಿನಿಂದ ತುಂಡು ತೆಗೆದು ಚಿಕ್ಕವಳ ಕೈಗೆ ಕೊಟ್ಟಳು. ಕೊಡುವಾಗ ಬೆರಳು ಒಂದು ಗಳಿಗೆ ಬಿಡಲಿಲ್ಲ.

"ಇದನ್ನ ಗೋಡೆಗೆ ಬಿಗೀಬೇಕು. ಬ್ಲೇಡಿಗಿಂತ ಈಚೆಗೆ. ಮರ ಇದಕ್ಕೆ ಮುಟ್ಟಿಸಿ ಆಮೇಲೆ ತಳ್ಳೋದು. ಆಗ ಕೊಯ್ದಿದ್ದು ಸಿಕ್ಕಿಹಾಕ್ಕೊಳಲ್ಲ."

ಚಿಕ್ಕವಳು ತುಂಡನ್ನು ಹೀಗೆ ತಿರುಗಿಸಿದಳು, ಹಾಗೆ ತಿರುಗಿಸಿದಳು. ಶೆಡ್ಡಿನ ಗೋಡೆಗೆ ಒರಗಿದ್ದ ತೊಟ್ಟಿಲಿನ ಕಡೆ ನೋಡಿದಳು.

"ಅಕ್ಕಾ, ಇದನ್ನ ತೊಟ್ಟಿಲಿನ ಅಡ್ಡಪಟ್ಟಿಗೇ, ಬ್ಲೇಡಿನ ಎಡಕ್ಕೆ ಬಿಗಿದ್ರೆ? ನಾವು ಹಿಡ್ಕೊಂಡಿರೋ ಕಡೆಗೆ? ಕೊಯ್ದು ಬೀಳೋ ಕಡೆ ಪೂರ್ತಿ ಖಾಲಿ ಇರುತ್ತೆ, ಗೋಡೇನೇ ಬೇಕಾಗಲ್ಲ."

ದೊಡ್ಡವಳು ಯೋಚಿಸಿದಳು. ಸರಿಯಾಗಿತ್ತು. ಇಷ್ಟು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದಕ್ಕೆ, ಈಗಷ್ಟೇ ಮುಟ್ಟಿದವಳು ಹೊಸ ಜಾಗ ಹುಡುಕಿಬಿಟ್ಟಿದ್ದಳು. ಹೊಟ್ಟೆಯಲ್ಲಿ ಅದೇ ಹಳೆಯ ಕೆಂಡ ಮತ್ತೆ ಚುರುಕ್ ಎಂದಿತು.

"ಅದು ನಂಗೆ ಯಾವಾಗ್ಲೋ ಗೊತ್ತಿತ್ತು," ಎಂದಳು. ತುಸು ಸರಿದು ಹಲಗೆಯ ಮೇಲೆ ಜಾಗ ಮಾಡಿದಳು. "ಕೂತ್ಕೋ. ಕಿಟಕಿ ಆಗ್ಲಿ ಮೊದ್ಲು."